ಎರಡನೆಯ ಮಗ್ಗಲು

ತವರುಮನೆ ಪಾಲಾಗುವಾಗ ಹೆಣ್ಣುಮಕ್ಕಳನ್ನು ಕರೆದು "ನಿಮಗೇನರ ಬೇಕೇನವಾ?" ಎಂದು ಕೇಳುವುದು ನಮ್ಮ ಕಡೆಯ ಪದ್ಧತಿ. ಹೊಲ ಕೇಳಬಾರದೆಂಬುದು ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ಹಂಡೆ, ಕೊಪ್ಪರಿಗೆ, ತೊಟ್ಟಿಲು ಎಂದು ಏನಾದರೊಂದು ಹೇಳಿ ಹೆಣ್ಣುಮಕ್ಕಳು ಎಲ್ಲರ ಮಾನ ಉಳಿಸುತ್ತಾರೆ. ನನ್ನ ತವರು ರೋಣ. ಅಕ್ಕನನ್ನು ಕೊಟ್ಟದ್ದು ಗಜೇಂದ್ರಗಡಕ್ಕೆ, ನನ್ನನ್ನು ನರಗುಂದಕ್ಕೆ. ಅಕ್ಕ ತಾಮ್ರದ ಹಂಡೆ ಒಯ್ದಳು. ನಾನು ಅಟ್ಟದ ಮೇಲಿನ ಕಬ್ಬಿಣದ ಟ್ರಂಕು ಕೇಳಿದೆ. ಅದರಲ್ಲಿ ಅಪ್ಪನ ಗ್ರಾಮೋಫೋನ್ ರೆಕಾರ್ಡುಗಳಿದ್ದವು.

"ಗುಜರಿಯವ ಕಿಲೋಕ್ಕ ಎಷ್ಟ ಕೊಡ್ತಾನಂತ ಕೇಳಿಟ್ಟಿದ್ದೆ. ಛಲೋ ಆತು ತಂಗಿ, ನೀನ ಒಯ್ಯಿ" ಎಂದ ಅಣ್ಣ. ಅವನ ದನಿಯಲ್ಲಿ ನಿಜವಾದ ನೆಮ್ಮದಿಯಿತ್ತು.

ರೋಣದವಳಾದ ನನಗೆ ರೆಕಾರ್ಡಿನ ಮೇಲೆ ಒಂದಿಷ್ಟು ಊರಭಿಮಾನವೂ ಉಂಟು. ಪಂಡಿತ ಭೀಮಸೇನ ಜೋಶಿಯವರು 1922ರ ಫೆಬ್ರುವರಿ 4ರಂದು ಹುಟ್ಟಿದ ಊರು ನಮ್ಮದು. ಅವರ ತಂದೆ ಗುರುರಾಜ ಜೋಶಿಯವರು ಶಾಲೆಯ ಮಾಸ್ತರರು. ಹುಡುಗ ಭೀಮಸೇನನಿಗೆ ಹಾಡಿನ ಹುಚ್ಚು ಹಿಡಿಸಿದ್ದು ಅಂಗಡಿಯೊಂದರಲ್ಲಿ ಕಿವಿಗೆ ಬಿದ್ದ ಅಬ್ದುಲ್ ಕರೀಂ ಖಾನರ ಒಂದು ರೆಕಾರ್ಡು, ಝಿಂಝೋಟಿ ರಾಗದ ಠುಮ್ರಿ. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆಯನ್ನೇ ಬಿಟ್ಟುಹೋದರು. ಮುಂದೆ ಕುಂದಗೋಳದಲ್ಲಿ ಅದೇ ಖಾನಸಾಹೇಬರ ಶಿಷ್ಯ ಸವಾಯಿ ಗಂಧರ್ವರು ಗುರುವಾಗಿ ದೊರೆತದ್ದು, 1942ರಲ್ಲಿ ಎಚ್‌ಎಂವಿ ಕಂಪನಿ ಇವರದೇ ರೆಕಾರ್ಡು ತಂದದ್ದು, 2008ರಲ್ಲಿ ಭಾರತರತ್ನ ಬಂದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ನನಗೆ ಸೋಜಿಗವೆನಿಸುವುದು ಬೇರೆ. ಆ ಕಾಲದ ತಟ್ಟೆಯ ಒಂದು ಮಗ್ಗಲು ಓಡುತ್ತಿದ್ದುದು ಮೂರು ನಿಮಿಷ ಮಾತ್ರ. ನಲವತ್ತು ನಿಮಿಷದ ಪಿರಿಯಡ್ಡಿನಲ್ಲಿ ನಾವು ಮಾಸ್ತರರೂ ಅಕ್ಕೋರೂ ಸೇರಿ ಒಬ್ಬ ಹುಡುಗನನ್ನು ಕುರ್ಚಿಯಿಂದ ಎಬ್ಬಿಸಲಾರೆವು. ಮೂರು ನಿಮಿಷದ ಅರಗಿನ ತಟ್ಟೆ ಒಬ್ಬನನ್ನು ಊರಿನಿಂದಲೇ ಎಬ್ಬಿಸಿತು.

ನಮ್ಮ ಮನೆಯಲ್ಲಿ ಅಜ್ಜನ ಕಾಲದ ಅರಗಿನ ತಟ್ಟೆಗಳಿದ್ದವು, ಎಪ್ಪತ್ತರ ದಶಕದಲ್ಲಿ ಅಪ್ಪ ಕೂಡಿಸಿದ ಎಲ್‌ಪಿಗಳಿದ್ದವು. ಅಪ್ಪನ ಹತ್ತಿರ ಸೂಟ್‌ಕೇಸಿನಂಥ ಒಂದು ಪ್ಲೇಯರೂ ಇತ್ತು. ಸಂಜೆ ಪಡಸಾಲೆಯಲ್ಲಿ ಅಪ್ಪ, ಕಾಕಾ, ಓಣಿಯ ಇಬ್ಬರು ಮೂವರು ಹಿರಿಯರು ಕೂಡುತ್ತಿದ್ದರು. ಸೂಜಿ ಇಡುವ ಅಧಿಕಾರ ಅಪ್ಪನದು. ಮಕ್ಕಳು ಮುಟ್ಟಿದರೆ ಬೈಗುಳ. ಅವ್ವ ಮುಟ್ಟುವ ಪ್ರಶ್ನೆಯೇ ಬರುತ್ತಿರಲಿಲ್ಲ. ಅವಳು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಕೇಳುವವಳು. ಹಾಗೆ ಕೇಳಿ ಕೇಳಿಯೇ ಅವಳಿಗೆ ದಾಸರ ಪದಗಳು, ನಾಟಕದ ಪದಗಳು ಎಲ್ಲ ಬಾಯಿಗೆ ಬಂದಿದ್ದವು. ಕ್ಯಾಸೆಟ್ಟು ಬಂತು, ಪ್ಲೇಯರು ಮೂಲೆ ಸೇರಿತು, ಇಲಿಗಳು ಅದರ ವೈರು ಕಡಿದವು. ಅಪ್ಪ ತೀರಿಕೊಂಡು ಹನ್ನೆರಡು ವರ್ಷವಾಯಿತು. ಮನೆ ಪಾಲಾದ ಮೇಲೆ ಅವ್ವ ವರ್ಷದಲ್ಲಿ ಆರು ತಿಂಗಳು ನನ್ನ ಹತ್ತಿರ ಇರುತ್ತಾಳೆ. ಟ್ರಂಕು ನರಗುಂದಕ್ಕೆ ಬಂದ ದಿನ ಅವಳು ಕೇಳಿದ್ದು ಒಂದೇ ಮಾತು: "ಪ್ಲೇಟೇನೋ ತಂದಿ. ಹಚ್ಚೂದು ಯಾತಕ್ಕ?"

ಆ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ನಾಲ್ಕು ತಿಂಗಳು ಹಿಡಿಯಿತು.

ಮೊದಲು ಮನೆಯೊಳಗಿನ ಮಾತು. "ಎಲ್ಲಾ ಹಾಡು ಫೋನಿನ್ಯಾಗ ಪುಕ್ಕಟೆ ಸಿಗ್ತಾವಲ್ಲ, ಮತ್ತ ಅದಕ್ಯಾಕ ರೊಕ್ಕ?" ಎಂದರು ನಮ್ಮ ಮನೆಯವರು. ತಪ್ಪು ಮಾತಲ್ಲ. 2017ರಲ್ಲಿ ಸರಿಗಮ ಕಂಪನಿ ತಂದ ಕಾರವಾನ್ ಡಬ್ಬಿಯಲ್ಲಿ ಐದು ಸಾವಿರ ಹಾಡುಗಳಿರುತ್ತವೆ. ಎಷ್ಟೋ ಮನೆಗಳ ಹಿರಿಯರು ಅದರಲ್ಲೇ ಸುಖವಾಗಿದ್ದಾರೆ. ಆದರೆ ನಾನು ಲೆಕ್ಕ ಹಾಕಿ ನೋಡಿದೆ. ಇಷ್ಟು ವರ್ಷದ ನೌಕರಿಯಲ್ಲಿ ಮಗನಿಗೆ ಬೈಕು, ಮಗಳಿಗೆ ಬಂಗಾರ, ಹೊಲಕ್ಕೆ ಮೋಟರು, ಅಡುಗೆಮನೆಗೆ ಫ್ರಿಜ್ಜು ಕೊಂಡಿದ್ದೇನೆ. ಕುಳಿತು ಕೇಳುವುದಕ್ಕೆಂದು, ಬರೀ ಕೇಳುವುದಕ್ಕೆಂದು, ಒಂದು ಸಾಮಾನು ಕೊಂಡಿಲ್ಲ. ಫ್ರಿಜ್ಜು ನನ್ನದು ಎಂದು ಎಲ್ಲರೂ ಹೇಳುತ್ತಾರೆ, ಅದರೊಳಗಿನ ತಣ್ಣೀರು ಕುಡಿಯುವವರು ಬೇರೆ. ಇದಿಷ್ಟನ್ನು ಹೇಳಿದ ಮೇಲೆ ಮನೆಯವರು ಪೇಪರು ಮಡಚಿಟ್ಟು, "ಎಷ್ಟಾಗ್ತದ ಕೇಳು" ಎಂದರು.

ಕೇಳುವ ಮೊದಲು ನಾನು ಟ್ರಂಕು ಬಿಚ್ಚಿ ತಟ್ಟೆಗಳನ್ನು ವಿಂಗಡಿಸಿದೆ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಆದರೆ ಇದೇ ಮೊದಲ ಕೆಲಸ. ಯಂತ್ರ ನೋಡುವ ಮುಂಚೆ ಮನೆಯಲ್ಲಿರುವ ರೆಕಾರ್ಡು ನೋಡಬೇಕು. ಮೂರು ಜಾತಿ ಇದ್ದವು. ಭಾರವಾದ, ಬಿದ್ದರೆ ಹೆಂಚಿನ ಹಾಗೆ ಒಡೆಯುವ ಅರಗಿನವು, ನಿಮಿಷಕ್ಕೆ 78 ಸುತ್ತು. ಹದಿನಾಲ್ಕು ಸಿಕ್ಕವು, ಎರಡು ಸೀಳಿದ್ದವು. ಸಣ್ಣ ಗಾತ್ರದ 45 ಸುತ್ತಿನವು, ಬಹುತೇಕ ಸಿನಿಮಾ ಹಾಡು. 1966ರ 'ಸಂಧ್ಯಾರಾಗ'ದ್ದೂ ಇತ್ತು, ಅದರಲ್ಲಿ ಜೋಶಿಯವರು ಹಾಡಿದ್ದಾರೆ. ಮತ್ತೆ ದೊಡ್ಡ ಎಲ್‌ಪಿಗಳು, ಮೂವತ್ಮೂರೂ ಮೂರರಲ್ಲೊಂದು ಸುತ್ತು, ಒಂದು ಮಗ್ಗಲಿಗೆ ಇಪ್ಪತ್ತು ನಿಮಿಷದ ಆಸುಪಾಸು. ಇವು ಮೂವತ್ತೆರಡು ಇದ್ದವು. ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನಸೂರ. ಅಪ್ಪನ ಅಕ್ಷರದಲ್ಲಿ ಕೊಂಡ ತಾರೀಖು.

ಈ ಮೂರೂ ಜಾತಿಯನ್ನು ಒಂದೇ ಯಂತ್ರ ಹಾಡಿಸೀತೇ? ಇಲ್ಲಿಂದ ತೊಡಕು ಶುರುವಾಗುತ್ತದೆ. ಅಗ್ಗದ, ಸೂಟ್‌ಕೇಸಿನ ಆಕಾರದ ಹೊಸ ಪ್ಲೇಯರುಗಳು ಮುಕ್ಕಾಲು ಗ್ರಾಂ ಬಂಗಾರದ ಬೆಲೆಯೊಳಗೆ ಸಿಗುತ್ತವೆ, ಬಣ್ಣ ಚೆಂದ, ಸ್ಪೀಕರೂ ಒಳಗೇ ಇರುತ್ತದೆ. ಮೂರು ವೇಗವೂ ಇದೆ ಎಂದು ಡಬ್ಬಿಯ ಮೇಲೆ ಬರೆದಿರುತ್ತಾರೆ. ಇದೆ, ಸುಳ್ಳಲ್ಲ. ಆದರೆ ವೇಗವಿದ್ದರೆ ಸಾಲದು, ಸೂಜಿ ಹೊಂದಬೇಕು. ಎಲ್‌ಪಿಯ ಗೆರೆ ಬಹಳ ಸಪೂರ. 78ರ ಗೆರೆ ಅಗಲ; ಅದಕ್ಕೆ ಬೇಕಾದ ಸೂಜಿಯ ಮೊನೆ ಎಲ್‌ಪಿ ಸೂಜಿಯ ಮೊನೆಗಿಂತ ಸುಮಾರು ನಾಲ್ಕು ಪಟ್ಟು ದಪ್ಪ. ಮಳೆಗಾಲ ಮುಗಿದ ಮೇಲೆ ನಮ್ಮ ಎರಿಹೊಲದ ದಾರಿ ನೋಡಿದ್ದೀರಲ್ಲ, ಚಕ್ಕಡಿಯ ಗಾಲಿ ಇಳಿದ ಜಾಡು ಕಲ್ಲಿನಂತೆ ಗಟ್ಟಿಯಾಗಿ ನಿಂತಿರುತ್ತದೆ. ಅದರಲ್ಲಿ ಚಕ್ಕಡಿ ಸಲೀಸಾಗಿ ಹೋಗುತ್ತದೆ. ಸೈಕಲ್ಲು ಬಿಟ್ಟರೆ ತಳಕ್ಕೆ ಇಳಿದು ಧೂಳಿನಲ್ಲಿ ಒದ್ದಾಡುತ್ತದೆ. ಎಲ್‌ಪಿ ಸೂಜಿಯಿಂದ ಅರಗಿನ ತಟ್ಟೆ ಹಾಡಿಸಿದರೆ ಕೇಳುವುದು ಆ ಧೂಳಿನ ಸದ್ದು.

ಇನ್ನೊಂದು ಸಂಗತಿ ಸೂಜಿಯ ಭಾರ. ಅಗ್ಗದ ಸೂಟ್‌ಕೇಸ್ ಪ್ಲೇಯರುಗಳ ತೋಳು ತಟ್ಟೆಯ ಮೇಲೆ ಐದಾರು ಗ್ರಾಂ ಭಾರ ಹಾಕುತ್ತದೆ. ಸ್ವಲ್ಪ ಮೇಲಿನ ದರ್ಜೆಯವು, ಅಯಸ್ಕಾಂತದ ಕಾರ್ಟ್ರಿಜ್ ಇದ್ದವು, ಎರಡು ಮೂರು ಗ್ರಾಂನಲ್ಲಿ ಕೆಲಸ ಮುಗಿಸುತ್ತವೆ. ಮೂಗಿಗಿಂತ ಮೂಗುತಿ ಭಾರವಾದರೆ ಮೂಗಿನ ಗತಿ ಏನು? ಹೊಸ ಸಿನಿಮಾ ಹಾಡಿನ ರೆಕಾರ್ಡಾದರೆ ಇನ್ನೊಂದು ಕೊಂಡೇವು. ಅಪ್ಪನ ಅಕ್ಷರವಿರುವ ಗಂಗೂಬಾಯಿಯವರ ತಟ್ಟೆ ಸವೆದರೆ ಯಾವ ಅಂಗಡಿಗೆ ಹೋಗುವುದು? ಅಗ್ಗದ ಪ್ಲೇಯರನ್ನು ನಾನು ಅಲ್ಲಿಗೇ ಬಿಟ್ಟೆ.

ಹುಬ್ಬಳ್ಳಿಯಲ್ಲಿ ಹಳೆಯ ರೇಡಿಯೋ ರಿಪೇರಿ ಮಾಡುವವರೊಬ್ಬರು ಒಂದು ಎಚ್‌ಎಂವಿ ಫಿಯೆಸ್ಟಾ ತೋರಿಸಿದರು. ನೋಡಿ ಜೀವ ಹೋಯಿತು, ಅಷ್ಟು ಚೆಂದ. "ಅಕ್ಕೋರ, ನಿಮಗ ಸುಳ್ಳ ಹೇಳಾಂಗಿಲ್ಲ" ಎಂದರು ಆ ಹಿರಿಯರು. "ಹಳೇ ಯಂತ್ರ ಅಂದ್ರ ರಬ್ಬರ್ ಗಟ್ಟಿ ಆಗಿರ್ತದ, ಸೂಜಿ ಹುಡುಕಬೇಕು. ಕೈಯಾಗ ರಿಪೇರಿ ವಿದ್ಯಾ ಇದ್ದವರಿಗೆ ಇದು ಛಲೋ. ನಿಮಗ ವಾರಕ್ಕೊಮ್ಮೆ ಹುಬ್ಬಳ್ಳಿ ಬಸ್ಸು ಹತ್ತೂದಾಗ್ತದ." ವ್ಯಾಪಾರ ಬಿಟ್ಟುಕೊಟ್ಟು ಬುದ್ಧಿ ಹೇಳುವವರು ಇನ್ನೂ ಇದ್ದಾರೆ. ಅಮೆರಿಕದಲ್ಲಿರುವ ಅಕ್ಕನ ಮಗ ಅಲ್ಲಿಯ ಹಳೆಯದೊಂದನ್ನು ತರುತ್ತೇನೆಂದ. ಅದನ್ನೂ ಬೇಡವೆಂದೆ. ಅಲ್ಲಿಯ ಕರೆಂಟು 120 ವೋಲ್ಟು, 60 ಹರ್ಟ್ಸು. ನಮ್ಮದು 230, 50. ವೋಲ್ಟಿಗೆ ಟ್ರಾನ್ಸ್‌ಫಾರ್ಮರ್ ಇಡಬಹುದು, ಆದರೆ ಹಳೆಯ ಎಸಿ ಮೋಟರಿನ ಪ್ಲೇಯರು ಇಲ್ಲಿ ಆರಕ್ಕೆ ಐದು ಪಾಲು ವೇಗದಲ್ಲೇ ತಿರುಗುತ್ತದೆ. ಮೊದಲೇ ಗಂಡುದನಿಯಂಥ ಗಂಗೂಬಾಯಿಯವರ ಕಂಠ ಇನ್ನಷ್ಟು ಪಾತಾಳಕ್ಕಿಳಿದರೆ ಹೇಗೆ!

ಉಳಿದದ್ದು ಎರಡು ದಾರಿ. ಮೂರು ಗ್ರಾಂ ಬಂಗಾರದಷ್ಟು ಸುರಿದರೆ ಮೂರೂ ವೇಗವಿರುವ, ಸೂಜಿ ಬದಲಿಸಬಹುದಾದ, ತೋಳಿನ ಭಾರ ನಾವೇ ತೂಗಿ ಹೊಂದಿಸಿಕೊಳ್ಳಬಹುದಾದ ಯಂತ್ರ ಸಿಗುತ್ತದೆ. ಒಂದು, ಒಂದೂವರೆ ಗ್ರಾಂಗೆ ಆಡಿಯೋ ಟೆಕ್ನಿಕಾದ ಎಲ್‌ಪಿ 60 ಎಕ್ಸ್‌ನಂಥದು. ಅದಕ್ಕೆ 33 ಮತ್ತು 45 ಮಾತ್ರ, 78 ಇಲ್ಲ. ಅಯಸ್ಕಾಂತದ ಕಾರ್ಟ್ರಿಜ್ ಇದೆ, ಬೆಲ್ಟಿನಿಂದ ತಿರುಗುತ್ತದೆ, ಪ್ರಿ-ಆಂಪ್ ಒಳಗೇ ಇದೆ. ಈ ಪ್ರಿ-ಆಂಪ್ ಎಂಬುದನ್ನು ಮರೆಯಬಾರದು. ಸೂಜಿಯಿಂದ ಬರುವ ದನಿ ಬಹಳ ಕ್ಷೀಣ. ಅಲ್ಲದೆ ತಟ್ಟೆ ಕೊರೆಯುವಾಗ ಕೆಳಗಿನ ಸ್ವರಗಳನ್ನು ತಗ್ಗಿಸಿ ಮೇಲಿನವನ್ನು ಏರಿಸಿರುತ್ತಾರೆ. ಅದನ್ನು ಮತ್ತೆ ಸಮ ಮಾಡುವುದು ಇದರ ಕೆಲಸ. ಒಳಗಿಲ್ಲದಿದ್ದರೆ ಬೇರೆ ಕೊಳ್ಳಬೇಕು. ಸ್ಪೀಕರಂತೂ ಬೇರೆ ಬೇಕೇ ಬೇಕು. ಮಗ ಪಿಯುಸಿಯಲ್ಲಿದ್ದಾಗ ಕಂಪ್ಯೂಟರಿಗೆಂದು ತಂದಿದ್ದ ಸ್ಪೀಕರು ನನಗೆ ಸಾಕಾಯಿತು.

ತಿಳಿದವರು ದೊಡ್ಡದನ್ನೇ ಕೊಳ್ಳಿ ಎಂದರು. ಎಲ್‌ಪಿ 60 ಎಕ್ಸ್ ಪೂರ್ತಿ ಆಟೋಮ್ಯಾಟಿಕ್: ಗುಂಡಿ ಒತ್ತಿದರೆ ತೋಳು ತಾನೇ ಎದ್ದು ಹೋಗಿ ತಟ್ಟೆಯ ಅಂಚಿಗೆ ಇಳಿಯುತ್ತದೆ, ಮುಗಿದ ಮೇಲೆ ತಾನೇ ಮರಳುತ್ತದೆ. ನಿಜವಾದ ರಸಿಕರು ಇದನ್ನು ಒಪ್ಪುವುದಿಲ್ಲವಂತೆ, ಸೂಜಿಯನ್ನು ಕೈಯಿಂದಲೇ ಇಡಬೇಕಂತೆ. ಇರಬಹುದು. ಆದರೆ ಅವ್ವನಿಗೆ ಎಂಬತ್ತೊಂದು. ಎರಡು ವರ್ಷದಿಂದ ಅವಳ ಬಲಗೈ ನಡುಗುತ್ತದೆ. ಚಹಾದ ಕಪ್ಪನ್ನು ಎರಡೂ ಕೈಯಿಂದ ಹಿಡಿಯುತ್ತಾಳೆ. ಕೈಯಿಂದ ಸೂಜಿ ಇಡಬೇಕಾದ ಯಂತ್ರ ತಂದರೆ ಮತ್ತೆ ಅದೇ ಕಥೆ. ಮೊದಲು ಅಪ್ಪ ಇಡುತ್ತಿದ್ದ, ಈಗ ನಾನು ಇಡುವವಳು, ಅವ್ವ ಕೇಳುವವಳು. ನಾನು ಶಾಲೆಗೆ ಹೋದಾಗ ಅದೂ ಇಲ್ಲ. ಗುಂಡಿಯಾದರೆ ನಡುಗುವ ಬೆರಳಿಗೂ ಬಗ್ಗುತ್ತದೆ.

ಎಲ್‌ಪಿ 60 ಎಕ್ಸ್ ತರಿಸಿದೆ. ಗೋಡೆಯೊಳಗಿನ ಕಡಪಾ ಕಲ್ಲಿನ ಕಪಾಟಿನಲ್ಲಿಟ್ಟು, ಗೌಂಡಿಯ ಲೆವೆಲ್ ತಂದು ಸಮ ನೋಡಿದೆ. ಸ್ಪೀಕರನ್ನು ಅದೇ ಕಲ್ಲಿನ ಮೇಲೆ ಇಡಬಾರದು, ಅದುರು ಸೂಜಿಗೆ ಹತ್ತುತ್ತದೆ. ಎಲ್‌ಪಿಗಳನ್ನು ಶುದ್ಧೀಕರಿಸಿದ ನೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿ ಮೆತ್ತನೆ ಬಟ್ಟೆಯಿಂದ ಒರೆಸಿದೆ. ಅರಗಿನವನ್ನು ಸ್ಪಿರಿಟ್ಟಿನಿಂದ ಮಾತ್ರ ಒರೆಸಬೇಡಿ, ಅರಗು ಕರಗುತ್ತದೆ. ಸೂಜಿಯ ಮೊನೆ ವಜ್ರದ್ದು, ನಮ್ಮ ಮನೆಯಲ್ಲಿರುವ ಒಂದೇ ವಜ್ರ. ಅದೂ ಸವೆಯುತ್ತದೆ; ಕೆಲವು ನೂರು ತಾಸು ಹಾಡಿಸಿದ ಮೇಲೆ ಹೊಲಿಗೆ ಯಂತ್ರದ ಸೂಜಿಯಂತೆ ಬದಲಿಸಬೇಕು.

ಗುಂಡಿ ಒತ್ತಿದ್ದು ಅವ್ವ. ಜೋಶಿಯವರ ಎಲ್‌ಪಿ. ತೋಳು ತಾನಾಗಿ ಎದ್ದಾಗ ಅವಳು ಸ್ವಲ್ಪ ಹಿಂದೆ ಸರಿದಳು, ಆಮೇಲೆ ಕಪಾಟಿನ ಪಕ್ಕಕ್ಕೇ ಕುರ್ಚಿ ಎಳೆದುಕೊಂಡಳು. ಇಪ್ಪತ್ತು ನಿಮಿಷ ಮಾತಾಡಲಿಲ್ಲ. ಎಲ್ಲೆಲ್ಲಿ ತಾನು ಏರುತ್ತದೆಂದು ಅವಳ ತಲೆ ಮೊದಲೇ ಹೇಳುತ್ತಿತ್ತು. ಮಗ್ಗಲು ಮುಗಿದು ತೋಳು ಮರಳಿತು. ನಾನು ಎದ್ದೆ.

"ಎಲ್ಲಿಗೆ?"

"ಚಹಾ ಇಡ್ತೀನವಾ."

"ಕೂಡು. ಹೊಳ್ಳಿಸಿ ಹಾಕು ಅದನ್ನ. ಈ ಕಡೀದು ಶುರು ಹೆಂಗ ಅದನೋ ನನಗ ಗೊತ್ತಿಲ್ಲ. ನಿಮ್ಮಪ್ಪ ಹೊಳ್ಳಿಸೂ ಹೊತ್ತಿಗೆ ನಾ ಚಹಾ ಇಡ್ತಿದ್ದೆ, ಸ್ಟೋ ಪಂಪ್ ಹೊಡಿಯೂ ಸಪ್ಪಳದಾಗ ಏನೂ ಕೇಳ್ತಿದ್ದಿಲ್ಲ. ಕಪ್ಪು ಬಸಿ ಕೊಟ್ಟು ಬರೂದ್ರಾಗ ಅರ್ಧ ಮುಗೀತಿತ್ತು."

ನಾನು ತಟ್ಟೆ ತಿರುವಿ ಹಾಕಿದೆ. ಅವ್ವ ಗುಂಡಿ ಒತ್ತಿದಳು. ಒಳಗಿನಿಂದ ಮನೆಯವರು "ಚಹಾ ಆತೇನು?" ಎಂದು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಯಲ್ಲಿ ಲೈಟರಿನ ಸಪ್ಪಳವಾಯಿತು.

ಅರಗಿನ ಹನ್ನೆರಡು ತಟ್ಟೆಗಳನ್ನು ಹಳೆಯ ಕಾಟನ್ ಸೀರೆಯ ತುಂಡುಗಳಲ್ಲಿ ಸುತ್ತಿ ನೆಟ್ಟಗೆ ನಿಲ್ಲಿಸಿ ಇಟ್ಟಿದ್ದೇನೆ. ಅವಕ್ಕೆ ದಪ್ಪ ಸೂಜಿಯ ಬೇರೆ ಯಂತ್ರ ಬೇಕು. ಹುಬ್ಬಳ್ಳಿಯ ಹಿರಿಯರಿಗೆ ಹೇಳಿಟ್ಟಿದ್ದೇನೆ. ಒಳ್ಳೆಯದೊಂದು ಬಂದರೆ ಫೋನು ಮಾಡುವುದಾಗಿ ಹೇಳಿದ್ದಾರೆ. ಗಜೇಂದ್ರಗಡದ ಅಕ್ಕ ಹೋದ ವಾರ ಬಂದು, ಎರಡು ದಿನ ಇದ್ದು, ಮನಸೂರರ ರೆಕಾರ್ಡನ್ನು ನಾಲ್ಕು ಸಲ ಹಾಕಿಸಿಕೊಂಡು ಕೇಳಿ ಹೋದಳು. ಹೋಗುವಾಗ, ಹಂಡೆ ಬೇಕಿದ್ದರೆ ನೀನೇ ಇಟ್ಟುಕೋ, ಟ್ರಂಕಿನ ಅರ್ಧ ನನಗೆ ಕೊಡು ಎಂದಳು. ವಿಚಾರ ಮಾಡುತ್ತೇನೆ ಎಂದಿದ್ದೇನೆ.