ಬ್ರೇಕಿಲ್ಲದ ಜಾವಾಕ್ಕೆ ಕಣ ಕಟ್ಟಿದ್ದು

ಆ ಸೌದೆ ಸ್ವಲ್ಪ ಒಳಕ್ಕೆ ತಳ್ಳಪ್ಪಾ, ಹೇಳ್ತೀನಿ. ನಾನು ಕೆಲಸಕ್ಕೆ ಅಂತ ಆಸ್ಟ್ರೇಲಿಯಾದ ಅಡಿಲೇಡಿಗೆ ಹೋದ ಹೊಸತು. ಪಕ್ಕದ ಶೆಡ್ಡಿನಲ್ಲಿ ಪೋಲೆಂಡಿನಿಂದ ಬಂದು ನೆಲೆಸಿದ ಮುದುಕನೊಬ್ಬ ಗಾಡಿ ಬಿಚ್ಚಿ ಕೂತಿದ್ದ. ಮೇಲೆ ‘ಜಾವಾ’ ಅಂತಿತ್ತು. ನಮ್ಮ ಚಿಕ್ಕಪ್ಪ ಮೈಸೂರು ಯಾದವಗಿರಿಯ ಐಡಿಯಲ್ ಜಾವಾ ಬೈಕ್ ಕಾರ್ಖಾನೆಯಲ್ಲಿ ಇದ್ದೋರಲ್ವಾ, ನೆಂಟರ ಮನೆ ಸಿಕ್ಕಹಾಗಾಯ್ತು ಅಂತ ಹೋದೆ. ನೋಡಿದರೆ ಗಾಡಿಗೆ ಬ್ರೇಕೇ ಇಲ್ಲ! ಮುಂದೂ ಇಲ್ಲ, ಹಿಂದೂ ಇಲ್ಲ. 500 ಸಿಸಿ, ಒಂದೇ ಸಿಲಿಂಡರು, ಒಂದೇ ಗೇರು, ಕುಡಿಯೋದು ಮೆಥನಾಲ್. ಚೆಕ್ ದೇಶದ ದಿವಿಶೋವ್‌ನಲ್ಲಿ ಹುಟ್ಟಿದ ಸ್ಪೀಡ್‌ವೇ ಬೈಕು.

ಆಟ ಸರಳ. ಮಣ್ಣಿನ ಮೊಟ್ಟೆಯಾಕಾರದ ಹಾದಿ, ನಾಲ್ಕು ಜನ, ನಾಲ್ಕು ಸುತ್ತು, ತಿರುಗೋದು ಎಡಕ್ಕೇ. 1923ರಲ್ಲಿ ಆಸ್ಟ್ರೇಲಿಯಾದ್ದೇ ವೆಸ್ಟ್ ಮೈಟ್‌ಲ್ಯಾಂಡ್ ಊರಿನ ಮೈದಾನದಲ್ಲಿ ಜಾನಿ ಹಾಸ್ಕಿನ್ಸ್ ಇದನ್ನು ಶುರುಮಾಡಿದ ಅಂತ ಹೇಳ್ತಾರೆ. 1928ರ ಫೆಬ್ರವರಿಯಲ್ಲಿ ಲಂಡನ್ ಪಕ್ಕದ ಹೈ ಬೀಚ್‌ನಲ್ಲಿ ಇದನ್ನು ನೋಡೋಕೆ ಜನ ಮುಗಿಬಿದ್ದರು. ಈಗ ಸ್ಟೇಡಿಯಂ ತುಂಬೋದು ಪೋಲೆಂಡಿನಲ್ಲಿ. ನಮ್ಮ ಮುದುಕ ಆಟ ಹುಟ್ಟಿದ ದೇಶದಲ್ಲೇ ಪಾಠಶಾಲೆ ತೆಗೀತೀನಿ ಅಂತ ಹಟ ಹಿಡಿದಿದ್ದ.

ಗೋಧಿ ಹೊಲದ ಮೂಲೆಯೊಂದು ಗುತ್ತಿಗೆಗೆ ಸಿಕ್ತು. ಪರವಾನಗಿ, ವಿಮೆ, ಸದ್ದಿನ ಬಗ್ಗೆ ನೆರೆಯವರ ತಕರಾರು, ಅದೆಲ್ಲ ಎಲ್ಲಾ ದೇಶದಲ್ಲೂ ಇದ್ದದ್ದೇ, ಬಿಡು. ನಿಜವಾದ ಕೆಲಸ ಮಣ್ಣಿನದು. ಜೇಡಿ ಮಣ್ಣಿಗೆ ಕಲ್ಲುಪುಡಿ ಬೆರೆಸಿ ಹರಡಿ, ಟ್ರ್ಯಾಕ್ಟರಿಂದ ಸಮ ಮಾಡಿ, ನೀರು ಹೊಡೆದು, ರೋಲರ್ ಎಳೆದು, ಮತ್ತೆ ನೀರು. ನೀರು ಕಮ್ಮಿಯಾದರೆ ಧೂಳೆದ್ದು ಹಿಂದಿನವನಿಗೆ ಹಾದಿಯೇ ಕಾಣದು. ಹೆಚ್ಚಾದರೆ ಚಕ್ರ ಕೊರೆದ ಗುಂಡಿಗೆ ಬಿದ್ದ ಗಾಡಿ ಸವಾರನನ್ನು ಎತ್ತಿ ಎಸೆಯುತ್ತೆ. ಸುಗ್ಗಿಗೆ ಮುಂಚೆ ನಮ್ಮಜ್ಜಿ ರಾಗಿ ಕಣ ಬಡಿದು ಸಾರಿಸ್ತಿದ್ದರಲ್ಲ, ಅಷ್ಟೇ ಹದ ಬೇಕು. ನಾನು ಹಿಡಿ ಮಣ್ಣು ಅದುಮಿ ಉಂಡೆ ನಿಲ್ಲುತ್ತಾ ಅಂತ ನೋಡಿದ್ದೇ ತಡ, ಮುದುಕ ನೀರಿನ ಟ್ಯಾಂಕರಿನ ಕೀಲಿ ನನ್ನ ಕೈಗಿಟ್ಟ!

ಆಮೇಲೆ ಹುಡುಗರು ಬಂದರು. ಚಿಕ್ಕವರಿಗೆ 125 ಸಿಸಿ ಗಾಡಿ. ಎಡ ಬೂಟಿಗೆ ಉಕ್ಕಿನ ತಳ, ಮಣಿಕಟ್ಟಿಗೊಂದು ದಾರ. ಬಿದ್ದರೆ ದಾರ ಕಿತ್ತು ಎಂಜಿನ್ ನಿಲ್ಲಬೇಕು. ಮೆಥನಾಲಿಗೆ ಹತ್ತಿದ ಬೆಂಕಿ ಹಗಲಲ್ಲಿ ಕಣ್ಣಿಗೇ ಕಾಣಲ್ಲ, ಅದಕ್ಕೇ ಅದನ್ನು ತುಂಬಿಸೋ ಕಡೆಗೆ ಯಾರನ್ನೂ ಬಿಡ್ತಿರಲಿಲ್ಲ. ಕಲಿಸೋಕೆ ಕಷ್ಟವಾದದ್ದು ಒಂದೇ: ತಿರುವಿನಲ್ಲಿ ಹಿಂದಿನ ಚಕ್ರ ಹೊರಗೆ ಜಾರಬೇಕು, ಹ್ಯಾಂಡಲ್ ಬಲಕ್ಕೆ ತಿರುಗಿರಬೇಕು, ಗಾಡಿ ಎಡಕ್ಕೆ ಹೋಗಬೇಕು. ಹೆದರಿ ತಟಕ್ಕನೆ ಆಕ್ಸಿಲರೇಟರ್ ಬಿಟ್ಟರೆ ಚಕ್ರಕ್ಕೆ ಹಿಡಿತ ಸಿಕ್ಕಿ ಗಾಡಿ ನೆಟ್ಟಗೆ ಬೇಲಿಗೆ. ಮುದುಕ ಒಳಗಡೆ ಹುಲ್ಲಿನ ಮೇಲೆ ನಿಂತು ಪೋಲಿಷ್‌ನಲ್ಲಿ ಕೂಗ್ತಿದ್ದ. ಹುಡುಗರಿಗೆ ಒಂದಕ್ಷರ ತಿಳೀತಿರಲಿಲ್ಲ, ಆದರೂ ಕೈ ಬಿಗಿಯಾಗ್ತಿತ್ತು. ಮೊದಲು ಸರಿಯಾಗಿ ಜಾರಿಸಿದ್ದು ಒಬ್ಬ ಪುಟ್ಟ ಹುಡುಗಿ. ಗಟ್ಟಿಮುಟ್ಟಾದ ಗಂಡುಹುಡುಗರೆಲ್ಲ ಆಗ ಬೇಲಿ ಬದಿಯಲ್ಲಿ ಮೈ ಕೊಡವಿಕೊಳ್ತಿದ್ದರು.

ನೀನೂ ಹುಣಸೂರಿನ ಹತ್ತಿರದ ಜಮೀನಿನಲ್ಲಿ ಇಂಥದ್ದೊಂದು ಮಾಡಬೇಕು ಅಂತಿದ್ದೀಯಲ್ಲ. ಮಾಡು, ಬೇಡ ಅನ್ನಲ್ಲ. ಬೈಕು ಆಮೇಲೆ ತಗೊಳ್ಳೋಣ. ಮೊದಲು ಬೋರ್‌ವೆಲ್ಲಿನಲ್ಲಿ ಬೇಸಿಗೆಗೆ ಎಷ್ಟು ನೀರು ನಿಲ್ಲುತ್ತೆ ನೋಡ್ಕೊಂಡು ಬಾ.