ದ್ಯಾವ್ರು ಒಳ್ಳೇದು ಮಾಡ್ಲಿ

ಹಿರೇಗುಂಟನೂರಿನ ಮದುವೆ ಮನೆಯೊಂದರಲ್ಲಿ ಮುಯ್ಯಿ ಲಕೋಟೆಯ ಮೇಲೆ ಬರೆಯುವ ಕೆಲಸ ಏಳನೇ ತರಗತಿಯ ಹುಡುಗಿಯ ಪಾಲಿಗೆ ಬಂತು, ಅಕ್ಷರ ದುಂಡಗಿದೆ ಅಂತ. ‘ಗಾಡ್ ಬ್ಲೆಸ್’ ಎಂದು ಬರೆದವಳು ತಡೆದು, ಬಾಲಕ್ಕೆ ‘ಇಎಸ್’ ಹಚ್ಚಿ, ‘ಗಾಡ್ ಬ್ಲೆಸಸ್ ಯು’ ಮಾಡಿದಳು. ‘ಹೀ, ಶೀ, ಇಟ್ ಬಂದ್ರೆ ಎಸ್ ಹಚ್ಬೇಕಂತೆ. ದೇವ್ರು ಒಬ್ನೇ ಅಲ್ವಾ?’

ಎಷ್ಟು ಸರಿಯಾದ ತರ್ಕ! ಕಲಿತ ಸೂತ್ರವನ್ನು ಹೊಸ ಜಾಗದಲ್ಲಿ ಬಳಸಿದ ಮಗುವಿಗೆ ‘ತಪ್ಪು’ ಎಂದಷ್ಟೇ ಹೇಳಲು ನನಗೆ ಮನಸ್ಸು ಬರಲಿಲ್ಲ. ಅಷ್ಟರಲ್ಲಿ ಮದುಮಗಳು ಬಂದು ಪಕ್ಕದ ಅಜ್ಜಿಯ ಕಾಲಿಗೆ ಬಿದ್ದಳು. ಎಲೆಗೆ ಸುಣ್ಣ ಸವರುತ್ತಿದ್ದ ಅಜ್ಜಿ ಅಂದರು: ‘ದ್ಯಾವ್ರು ಒಳ್ಳೇದು ಮಾಡ್ಲಿ ಕಣವ್ವ.’

ಉತ್ತರ ಅಲ್ಲೇ ಇತ್ತು. ಅಜ್ಜಿ ‘ಮಾಡ್ತಾನೆ’ ಅನ್ನಲಿಲ್ಲ. ‘ಮಾಡ್ತಾನೆ’ ಎಂದರೆ ಸುದ್ದಿ, ‘ಮಾಡ್ಲಿ’ ಎಂದರೆ ಹಾರೈಕೆ. ‘ಬ್ಲೆಸಸ್’ ಮೊದಲನೆಯದು, ‘ಬ್ಲೆಸ್’ ಎರಡನೆಯದು. ಹಿಂದೆ ‘ಮೇ’ ಎಂಬ ಮಾತು ಅಡಗಿದೆ ಎಂದುಕೊಂಡರೂ ಸಾಕು, ಎಸ್ ತಾನೇ ಕಳಚಿ ಬೀಳುತ್ತದೆ. ನಮ್ಮ ವ್ಯಾಕರಣದಲ್ಲಿ ಇದೇ ವಿಧ್ಯರ್ಥ. ನಾವು ‘ಅಲಿ’ ಪ್ರತ್ಯಯವನ್ನು ಜೋಪಾನ ಮಾಡಿದ್ದೇವೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿಗೂ ಹಾರೈಕೆಗೆಂದೇ ಬೇರೆ ಪ್ರತ್ಯಯವಿತ್ತು. ಅದು ಸವೆದು ಹೋಗಿ ಬರಿಯ ಧಾತು ಉಳಿಯಿತು. ‘ಲಾಂಗ್ ಲಿವ್’ ಅನ್ನುವಾಗಲೂ ಅದೇ ಕತೆ. ದಿನಕ್ಕೆ ಹತ್ತು ಸಲ ಹೇಳುವ ‘ಗುಡ್‌ಬೈ’ ಕೂಡ ‘ಗಾಡ್ ಬಿ ವಿತ್ ಯು’ ಎಂಬುದು ನಾಲಿಗೆಯಲ್ಲಿ ಮುದ್ದೆಯಾದದ್ದು. ಅಲ್ಲಿ ‘ಈಸ್’ ಇಲ್ಲ, ‘ಬಿ’ ಇದೆ: ದೇವರು ನಿನ್ನ ಜೊತೆ ಇದ್ದಾನೆ ಎಂದಲ್ಲ, ಇರಲಿ ಎಂದು.

ಹಳಗನ್ನಡದಲ್ಲಿ ಈ ‘ಅಲಿ’ಯ ಕೆಲಸವನ್ನು ‘ಗೆ’ ಮಾಡುತ್ತಿತ್ತು. ಧಾರವಾಡದಲ್ಲಿ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದ ರಾ.ಹ. ದೇಶಪಾಂಡೆಯವರು ಕೊಟ್ಟ ಘೋಷಣೆ ‘ಸಿರಿಗನ್ನಡಂ ಗೆಲ್ಗೆ’. ಗೆಲ್ಗೆ, ಅಂದರೆ ಗೆಲ್ಲಲಿ. ‘ಗೆಲ್ಲುತ್ತದೆ’ ಎಂದಿದ್ದರೆ ಅದು ಭವಿಷ್ಯವಾಗುತ್ತಿತ್ತು, ಕೊರಳು ತುಂಬಿ ಕೂಗುವ ಆಸೆಯಾಗುತ್ತಿರಲಿಲ್ಲ.

ಇದನ್ನೆಲ್ಲ ಆ ಹುಡುಗಿಗೆ ಹೇಳಲಿಲ್ಲ. ‘ಅಜ್ಜಿ ಹೇಳಿದ್ದನ್ನೇ ಇಂಗ್ಲಿಷಿನಲ್ಲಿ ಬರಿ’ ಎಂದೆ. ಅವಳು ತುಟಿಯಲ್ಲೇ ‘ಮಾಡ್ಲಿ, ಮಾಡ್ಲಿ’ ಎಂದುಕೊಂಡು ‘ಇಎಸ್’ ಹೊಡೆದು ಹಾಕಿದಳು.

ಇಂಗ್ಲಿಷ್ ಕಲಿಸುವ ಮೇಷ್ಟರಲ್ಲಿ, ಮೇಡಮ್ಮರಲ್ಲಿ ನನ್ನದೊಂದು ಬೇಡಿಕೆ: ಈ ಪಾಠ ಬಂದ ದಿನ ಮಕ್ಕಳಿಗೆ ಸೂತ್ರ ಬರೆಸುವ ಮೊದಲು, ಮನೆಯಲ್ಲಿ ಅಜ್ಜಿ ಹೇಗೆ ಹರಸುತ್ತಾರೆಂದು ಒಮ್ಮೆ ಕೇಳಿ.