ಊರ ಹೆಸರಿನ ಬಾಟಲಿ

ನಮ್ಮ ಕಡೆ ಊರೇ ಅಡ್ಡಹೆಸರು. ಸಿಂದಗಿ, ಬಾಗೇವಾಡಿ, ಹಿಪ್ಪರಗಿ ಅಂತ ಹೆಸರಿನ ಕೊನೆಗೆ ಊರು ಅಂಟಿಸಿಕೊಂಡವರು ಬೆಂಗಳೂರಿನ ಯಾವ ಆಫೀಸಿಗೆ ಹೋದರೂ ಒಬ್ಬರಾದರೂ ಸಿಗ್ತಾರೆ. ಹಾಗಾಗಿ ಫ್ರಾನ್ಸಿನ ಬರ್ಗಂಡಿಯ ವೈನ್ ಲೇಬಲ್ಲು ನನಗೆ ಅಷ್ಟೇನೂ ಪರಕೀಯ ಅನ್ನಿಸಲಿಲ್ಲ. ಅಲ್ಲಿ ಬಾಟಲಿ ಮೇಲೆ ದ್ರಾಕ್ಷಿ ತಳಿಯ ಹೆಸರು ಸಾಮಾನ್ಯವಾಗಿ ಇರಲ್ಲ, ಊರಿನ ಹೆಸರಿರುತ್ತೆ. ಕೆಂಪು ವೈನ್ ಅಂದರೆ ಪಿನೋ ನುವಾರ್ ದ್ರಾಕ್ಷಿಯದು ಅಂತ ಕುಡಿಯುವವನಿಗೆ ಗೊತ್ತಿರಬೇಕು, ಅಷ್ಟೇ.

ಅಲ್ಲಿನ ಲೆಕ್ಕ ಹೀಗಿದೆ. ಇಡೀ ಸೀಮೆಯಲ್ಲಿ ಎಲ್ಲಿ ಬೆಳೆದರೂ ಸರಿ ಅನ್ನುವ ವೈನ್ ಕೆಳಗೆ. ಅದರ ಮೇಲೆ ಒಂದೇ ಊರಿನ ಗಡಿಯೊಳಗೆ ಬೆಳೆದದ್ದು: ಅದೇ ವಿಲೇಜ್ ವೈನ್. ಅದರ ಮೇಲೆ ಒಳ್ಳೆಯ ಹೊಲಗಳ ಪ್ರೀಮಿಯೆ ಕ್ರೂ, ತುತ್ತತುದಿಗೆ ಗ್ರ್ಯಾಂಡ್ ಕ್ರೂ. ಗ್ರ್ಯಾಂಡ್ ಕ್ರೂಗಳು ಬರೀ 33. ಜೆವ್ರೇ ಅನ್ನೋ ಊರು 1847ರಲ್ಲಿ ತನ್ನ ಅತಿ ಹೆಸರಾಂತ ಹೊಲ ಶಾಂಬರ್ತ್ಯಾಂ ಅನ್ನು ಹೆಸರಿಗೇ ಸೇರಿಸಿಕೊಂಡು ಜೆವ್ರೇ-ಶಾಂಬರ್ತ್ಯಾಂ ಆಯ್ತು. ಅಳಿಯ ದೊಡ್ಡ ಸಾಹೇಬ ಆದಮೇಲೆ ಮಾವ ಅವನ ಹೆಸರು ಹೇಳ್ಕೊಂಡು ತಿರುಗಿದ ಹಾಗೆ.

2019ರಲ್ಲಿ ಆಫೀಸಿನ ಕೆಲಸಕ್ಕೆ ಲಿಯಾನ್‌ಗೆ ಹೋದಾಗ ಈ ಜೆವ್ರೇಯ 2017ರ ಎರಡು ಬಾಟಲಿ ತಂದೆ. ಎರಡೇ ಯಾಕೆ ಅಂದರೆ ನಮ್ಮ ಕಸ್ಟಮ್ಸ್‌ನವರು ಸುಂಕವಿಲ್ಲದೆ ಬಿಡುವುದು ಎರಡು ಲೀಟರ್. ಅಂಗಡಿಯವಳು ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದಳು: ಒಂದನ್ನು ಬೇಕಾದರೆ ಈಗಲೇ ಕುಡಿ, ಇನ್ನೊಂದನ್ನು 2025ರ ನಂತರ.

ಮೊದಲನೆಯದನ್ನು ಮರುವರ್ಷ ಬೆಂಗಳೂರಲ್ಲಿ ತೆಗೆದೆವು. ತಿಳಿಗೆಂಪು, ಗ್ಲಾಸಿನ ಆಚೆ ಇರುವ ಬೆರಳು ಕಾಣುವಷ್ಟು. ವಾಸನೆ ಚೆರ್ರಿಯದು ಅಂತ ಗೆಳತಿ ಅಂದಳು. ನನಗೆ ಚೆರ್ರಿ ಅಂದರೆ ಕೇಕ್ ಮೇಲಿನ ಸಕ್ಕರೆ ಗುಂಡು, ಅದನ್ನು ನೆನೆಸಿಕೊಂಡು ಏನು ಪ್ರಯೋಜನ? ಬಾಯಿಗೆ ಬಂದದ್ದು ಹುಳಿ, ಆಮೇಲೆ ಒಗರು. ನೇರಳೆಹಣ್ಣು ತಿಂದಮೇಲೆ ನಾಲಗೆ ದಪ್ಪ ಆಗುತ್ತಲ್ಲ, ಆ ಒಗರು. ವೈನ್ ಪಂಡಿತರು ಟ್ಯಾನಿನ್ ಅಂತ ಪುಟಗಟ್ಟಲೆ ಬರೆಯುವುದಕ್ಕೆ ನಮ್ಮಲ್ಲಿ ಮೂರಕ್ಷರದ ಪದ ಇದೆ ಅಂತ ಅವತ್ತು ಸ್ವಲ್ಪ ಜಂಬವೂ ಬಂತು.

ವೈನ್ ಇಟ್ಟು ಮಾಗಿಸುವುದು ಅಂದರೆ ಬಹುಪಾಲು ಈ ಒಗರು ಇಳಿಯಲಿ ಅಂತ ಕಾಯುವುದು. ಟ್ಯಾನಿನ್ನಿನ ಕಣಗಳು ಒಂದಕ್ಕೊಂದು ಕೂಡಿಕೊಂಡು ನಾಲಗೆಗೆ ಮೆತ್ತಗಾಗುತ್ತವೆ, ಕೆಲವು ಗಸಿಯಾಗಿ ತಳಕ್ಕೆ ಇಳಿಯುತ್ತವೆ. ಕಾರ್ಕಿನ ಮೂಲಕ ಎಳ್ಳಷ್ಟು ಗಾಳಿ ಒಳಗೆ ಹೋಗುತ್ತೆ. ಬಣ್ಣ ಅಂಚಿನಿಂದ ಇಟ್ಟಿಗೆಯತ್ತ ತಿರುಗುತ್ತೆ. ಹಣ್ಣಿನ ವಾಸನೆ ಹಿಂದೆ ಸರಿದು ಒದ್ದೆ ಎಲೆ, ಅಣಬೆ, ಮಣ್ಣು ಮುಂದೆ ಬರುತ್ತವೆ. ಇದೆಲ್ಲ ನಿಧಾನಕ್ಕೆ ಆಗಬೇಕಾದರೆ ಬಾಟಲಿ ಅಡ್ಡಡ್ಡ ಮಲಗಿರಬೇಕು, ಕತ್ತಲಲ್ಲಿ, 12-14 ಡಿಗ್ರಿಯಲ್ಲಿ. ಗೆಳತಿಯ ಮನೆಯ ವೈನ್ ಕಪಾಟಿನಲ್ಲಿ ನನ್ನ ಎರಡನೇ ಬಾಟಲಿಗೆ ಒಂದು ಮೂಲೆ ಸಿಕ್ಕಿತು.

ಫೋನಿನಲ್ಲಿ ಇದನ್ನೆಲ್ಲ ಕೇಳಿದ ದೊಡ್ಡಪ್ಪ, "ನಮ್ಮ ಹಗೇವಿನ್ಯಾಗ ಇಡಬೇಕಿತ್ತಲ್ಲವ್ವಾ, ಅದೂ ತಂಪ ಇರ್ತದ" ಅಂದರು. ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಹಗೇವು ನಮ್ಮ ಆಲಮೇಲದ ಮನೆ ಮುಂದೆಯೂ ಇತ್ತು, ಎಂದೋ ಮುಚ್ಚಿಹೋಗಿದೆ. ನಾನು ಕೂತು ಲೆಕ್ಕ ಹಾಕಿದೆ. ನೆಲದೊಳಗೆ ಸಾಕಷ್ಟು ಆಳಕ್ಕೆ ಹೋದರೆ ಆ ಊರಿನ ವರ್ಷದ ಸರಾಸರಿ ಉಷ್ಣತೆಯೇ ಸಿಗುತ್ತೆ. ಬರ್ಗಂಡಿಯ ನೆಲಮಾಳಿಗೆ ತಣ್ಣಗಿರುವುದಕ್ಕೆ ಅದೇ ಕಾರಣ. ನಮ್ಮ ಜಿಲ್ಲೆಯಲ್ಲಿ ಅದು 25ರ ಮೇಲೇ ಬೀಳುತ್ತೆ. ಮೇ ತಿಂಗಳ ಬಿಸಿಲಿಂದ ಬಂದವರಿಗೆ ಹಗೇವು ತಂಪು, ವೈನಿಗಲ್ಲ. "ಹಂಗಾರ ಅದು ಜ್ವಾಳಕ್ಕಷ್ಟ" ಅಂದು ದೊಡ್ಡಪ್ಪ ಆ ವಿಷಯ ಬಿಟ್ಟರು.

ದೊಡ್ಡಪ್ಪ ಜೀವನದಲ್ಲಿ ಕುಡಿದವರಲ್ಲ. ಆದರೆ ದ್ರಾಕ್ಷಿ ಬೆಳೆದವರು. ನಮ್ಮ ಸುತ್ತ ಲಿಂಬೆ ಮತ್ತು ಕಬ್ಬಿನ ರಾಜ್ಯ. ಅದರ ನಡುವೆ ಅವರು ಎರಡು ಎಕರೆ ಥಾಮ್ಸನ್ ಹಚ್ಚಿ, ಶೆಡ್ಡಿನ ಬಲೆಗಳ ಮೇಲೆ ಒಣಗಿಸಿ, ಮಣೂಕ ಮಾಡಿ ತಾಸಗಾಂವಕ್ಕೆ ಕಳಿಸುತ್ತಿದ್ದರು. ಆಮೇಲೆ ಒಂದು ಎಕರೆ ಕಬ್ಬಿಗೆ ಹೋಯ್ತು. 2023ರ ದೀಪಾವಳಿ ಹೊತ್ತಿಗೆ ಅವರ ಎದೆ ಸೋತಿತ್ತು. ಡಾಕ್ಟರು ಹೇಳಿದ್ದನ್ನು ಅಣ್ಣ ನನಗೆ ಇಂಗ್ಲಿಷಿನಲ್ಲಿ ಹೇಳಿದ, ಮನೆಯವರಿಗೆ ತಿಳಿಯದಿರಲಿ ಅಂತ. ಅದರಲ್ಲಿದ್ದದ್ದು ತಿಂಗಳುಗಳ ಲೆಕ್ಕ. ಅಂಗಡಿಯವಳ ಚೀಟಿಯಲ್ಲಿದ್ದದ್ದು ವರ್ಷಗಳ ಲೆಕ್ಕ.

ಡಿಸೆಂಬರಿನಲ್ಲಿ ಬಾಟಲಿ ಹಿಡಿದು ಊರಿಗೆ ಹೋದೆ. ಅವ್ವ ಕಂಡಕೂಡಲೇ, "ಮನ್ಯಾಗ ದೇವರ ಜಗಲಿ ಐತಿ, ಇಲ್ಲಿ ಬ್ಯಾಡ" ಅಂದಳು. ದೊಡ್ಡಪ್ಪನಿಗೆ ಕೊಡಬೇಡ ಅಂತ ಮಾತ್ರ ಅನ್ನಲಿಲ್ಲ. ಸಂಜೆ ತೋಟಕ್ಕೆ ಹೊರಟಾಗ ಬುತ್ತಿಯ ಜೊತೆಗೆ ಸಣ್ಣ ಡಬ್ಬಿಯಲ್ಲಿ ಹಳೇ ಲಿಂಬಿ ಉಪ್ಪಿನಕಾಯಿ ಕಟ್ಟಿಕೊಟ್ಟಳು. ನಮ್ಮ ಲಿಂಬೆ ಗಿಡ ಕಡಿಯುವ ಮುಂಚಿನ ಕೊನೆಯ ಕಾಯಿಗಳವು. ಬರೀ ಉಪ್ಪು ಮತ್ತು ಬಿಸಿಲು, ಎಣ್ಣೆಯ ಹನಿಯಿಲ್ಲ. ಭರಣಿಯಲ್ಲಿ ಹದಿನೈದು ವರ್ಷಕ್ಕೂ ಹೆಚ್ಚು ಕೂತು ಹುಣಸೆಹಣ್ಣಿನಷ್ಟು ಕಪ್ಪಾಗಿದ್ದವು. ಬಾಯಿ ಕೆಟ್ಟವರಿಗೆ, ಜ್ವರ ಬಿಟ್ಟವರಿಗೆ ಮಾತ್ರ ಅದು ಹೊರಗೆ ಬರೋದು.

ತೋಟದ ಶೆಡ್ಡಿನಲ್ಲಿ ಚಹಾದ ಗಾಜಿನ ಗ್ಲಾಸುಗಳಿದ್ದವು. ಬರ್ಗಂಡಿಗೆ ದೊಡ್ಡ ಹೊಟ್ಟೆಯ ಗ್ಲಾಸೇ ಆಗಬೇಕು ಅನ್ನುವವರು ಇಲ್ಲಿಗೊಮ್ಮೆ ಬರಲಿ. ನಮ್ಮಲ್ಲಿ ಡಿಸೆಂಬರಿನ ಸಂಜೆ ತಾನಾಗೇ ಕೆಂಪು ವೈನಿಗೆ ಒಪ್ಪುವಷ್ಟು ತಣ್ಣಗಿರುತ್ತೆ.

ದೊಡ್ಡಪ್ಪ ಲೇಬಲ್ಲು ತಿರುಗಿಸಿ ನೋಡಿ, "ಇದು ಬೋರ್ಡೋ ಕಡೀದೇನು?" ಅಂದರು. ನನಗೆ ಆಶ್ಚರ್ಯ. ಅವರಿಗೆ ಬೋರ್ಡೋ ಗೊತ್ತಿದ್ದದ್ದು ಮೈಲುತುತ್ತ, ಸುಣ್ಣ ಕಲಸಿ ಡೌನಿ ರೋಗಕ್ಕೆ ಹೊಡೆಯುವ ದ್ರಾವಣವಾಗಿ. ಅದು ಫ್ರಾನ್ಸಿನ ಒಂದು ಊರು, ಅಮೆರಿಕದಿಂದ ಬಂದ ಡೌನಿ ಅಲ್ಲಿನ ತೋಟಗಳನ್ನು ಹಾಳುಮಾಡಿದಾಗ 1880ರ ದಶಕದಲ್ಲಿ ಅಲ್ಲೇ ಈ ಔಷಧಿ ಕಂಡುಹಿಡಿದರು, ಇದು ಆ ಊರಿನದಲ್ಲ, ಬೇರೆ ಸೀಮೆಯದು ಅಂದೆ. "ಅವರಿಗೂ ಡೌನಿ ಬರ್ತದಾ?" ಅಂದರು. ಧ್ವನಿಯಲ್ಲಿ ಸಮಾಧಾನವೂ ಇತ್ತು, ಸುಳ್ಳು ಯಾಕೆ.

2017ರ ಕಥೆಯನ್ನೂ ಹೇಳಿದೆ. ಅದಕ್ಕೆ ಹಿಂದಿನ ವರ್ಷ ಏಪ್ರಿಲಿನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಚಿಗುರೆಲ್ಲ ಸುಟ್ಟುಹೋಗಿತ್ತು. ಹಾಗಾಗಿ ಆ ಏಪ್ರಿಲಿನಲ್ಲಿ ರೈತರು ಬೆಳಗಿನ ಜಾವ ಒದ್ದೆ ಹುಲ್ಲಿಗೆ ಬೆಂಕಿ ಇಟ್ಟು ಊರಿಗೆ ಊರೇ ಹೊಗೆ ಹಾಕಿದರು. ಹೆಪ್ಪುಗಟ್ಟಿದ ಚಿಗುರಿಗೆ ಎಳೆಬಿಸಿಲು ನೇರ ಬಿದ್ದರೆ ಸುಡುತ್ತೆ, ಹೊಗೆ ಅದನ್ನು ತಡೆಯುತ್ತೆ. ದೊಡ್ಡಪ್ಪ ಕೈಯಲ್ಲಿದ್ದ ಗ್ಲಾಸು ಮರೆತು ಕೇಳಿದರು. "ಚಾಟ್ನಿ ಯಾವಾಗ ಮಾಡ್ತಾರ?" ಚಳಿಗಾಲದಲ್ಲಿ, ಒಂದೇ ಸಲ, ಅಂದೆ. ನಮ್ಮಲ್ಲಿ ಏಪ್ರಿಲಿಗೊಂದು, ಅಕ್ಟೋಬರಿಗೊಂದು. ಇಲ್ಲಿ ಬಳ್ಳಿಗೆ ಹಿಮದ ನಿದ್ದೆ ಇಲ್ಲ, ಕತ್ತರಿಯಿಂದಲೇ ಅದಕ್ಕೆ ಕಾಲ ಹೇಳಬೇಕು. "ಪುಣ್ಯ ಮಾಡ್ಯಾವ ಅಲ್ಲೀ ಬಳ್ಳಿ, ನಿದ್ದಿ ಮಾಡ್ತಾವ" ಅಂದರು. ರಾತ್ರಿ ಮಲಗಿದರೆ ಉಸಿರು ಕಟ್ಟುತ್ತಿದ್ದ ಮನುಷ್ಯ.

ಎರಡು ಗುಟುಕು, ಅಷ್ಟೇ ಕುಡಿದದ್ದು. ಮೊದಲನೆಯದಕ್ಕೆ ಮುಖ ಕಿವುಚಿದರು. ಎರಡನೆಯದನ್ನು ಬಾಯಲ್ಲಿ ಇಟ್ಟುಕೊಂಡರು, ಮಣೂಕದ ಹದ ನೋಡುವಾಗ ಮಾಡುತ್ತಿದ್ದ ಹಾಗೆ. ಮೊದಲ ಬಾಟಲಿಗಿಂತ ಇದು ಎಷ್ಟೋ ಮೆತ್ತಗಾಗಿತ್ತು, ಅಂಚಿನಲ್ಲಿ ಇಟ್ಟಿಗೆ ಬಣ್ಣ ಆಗಷ್ಟೇ ಇಣುಕಿತ್ತು. ನನಗೆ ಚೆನ್ನಾಗಿಯೇ ಇತ್ತು.

"ಇನ್ನಾ ಒಗರು ಐತಿ" ಅಂದರು ದೊಡ್ಡಪ್ಪ. "ಇಡಬೇಕಿತ್ತು ಇದನ್ನ. ಯಾಕ ತಗದಿ?"

ನನ್ನ ಹತ್ತಿರ ಉತ್ತರ ಇತ್ತು, ಹೇಳುವ ಹಾಗಿರಲಿಲ್ಲ. ಉಪ್ಪಿನಕಾಯಿ ಡಬ್ಬಿ ತೆಗೆದು ಮುಂದಿಟ್ಟೆ. ಒಂದು ಹೋಳು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಾದಮೇಲೆ, "ಇದನ್ನೂ ತಗದಾಳ ನಿಮ್ಮವ್ವ?" ಅಂದು ನನ್ನ ಮುಖ ನೋಡಿದರು. ಅವರಿಗೆ ಅರ್ಥ ಆಗಿತ್ತು ಅಂತ ನನಗೆ ಅವತ್ತೂ ಅನ್ನಿಸಿತು, 2024ರ ಜೂನಿನಲ್ಲಿ ಅವರು ಹೋದಮೇಲೂ ಅನ್ನಿಸಿದೆ.

ಅಷ್ಟರಲ್ಲಿ ತ್ರೀ ಫೇಸ್ ಕರೆಂಟು ಬಂತು. "ಉಳಿದಿದ್ದು ಬೂಚು ಹಾಕಿಡು, ನಾಳೆ ಮೆತ್ತಗಾಗಿರ್ತದೇನೋ ನೋಡೂಣು" ಅಂದು, ನಾನು ಕೈ ಕೊಡುವ ಮೊದಲೇ ಗೋಡೆ ಹಿಡಿದು ಎದ್ದು, ಮೋಟರ್ ಚಾಲೂ ಮಾಡಲು ಹೋದರು.